ಓದ್ಕೋ ಅನ್ನಬೇಡಿ: ಇಂಗ್ಲೆಂಡಿನ ಸ್ಕೂಲ್ ಲೈಬ್ರರಿಗೆ ಹೋಗುವ ನಮ್ಮ ಕೋಲಾರದವರಿಗೆ

ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ನಾನು ಕಥೆ ಪುಸ್ತಕ ಹಿಡಿದು ಕೂತರೆ ಅಪ್ಪ ಕೇಳುತ್ತಿದ್ದದ್ದು ಒಂದೇ ಮಾತು: "ಸುಮ್ನೆ ಕೂತಿದ್ದೀಯಲ್ಲ, ಓದ್ಕೋಬಾರದಾ?" ಓದುತ್ತಲೇ ಇದ್ದೆ. ಆದರೆ ನಮ್ಮಲ್ಲಿ ಓದು ಅಂದರೆ ಪಾಠ, ಪರೀಕ್ಷೆ. ಕಥೆ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸ್ಕೂಲಿನ ಪುಸ್ತಕಗಳೆಲ್ಲ ಹೆಡ್ ಮಾಸ್ಟರ್ ರೂಮಿನ ಬೀರುವಿನಲ್ಲಿದ್ದವು. ಏಳು ವರ್ಷದಲ್ಲಿ ಅದರ ಬೀಗ ತೆಗೆದದ್ದನ್ನು ಎರಡು ಸಲ ನೋಡಿದ್ದೇನೆ, ಎರಡೂ ಸಲ ಇನ್‌ಸ್ಪೆಕ್ಟರ್ ಬಂದಾಗ.

ಇದೇ ತಲೆ ಇಟ್ಟುಕೊಂಡು ನಾನು ಇಂಗ್ಲೆಂಡಿನ ಒಂದು ಪ್ರೈಮರಿ ಸ್ಕೂಲ್ ಲೈಬ್ರರಿಗೆ ವಾಲಂಟಿಯರ್ ಆಗಿ ಹೋದೆ. ಎಂಟು ವರ್ಷವಾಯಿತು. ಈಗ ರಜೆಗೆ ಊರಿಗೆ ಬಂದಿದ್ದೇನೆ. ಎದುರು ಮನೆ ಹುಡುಗಿ ಗಂಡ, ಮಗುವಿನ ಜೊತೆ ಸೆಪ್ಟೆಂಬರಿಗೆ ಅಲ್ಲಿಗೆ ಹೊರಟಿದ್ದಾಳೆ. "ಅಕ್ಕಾ, ಮನೇಲಿ ಒಬ್ಬಳೇ ಕೂತು ಏನು ಮಾಡಲಿ?" ಅಂದಳು. ಮಗುವಿನ ಸ್ಕೂಲ್ ಲೈಬ್ರರಿಗೆ ಹೋಗು ಅಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ಕಾಗದಪತ್ರ ಬೇಗ ಮುಗಿಸೋಣ. ಸ್ಕೂಲ್ ಆಫೀಸಿನಲ್ಲಿ ಕೇಳಿ. ಡಿಬಿಎಸ್ ಅಂತ ಒಂದು ಪೊಲೀಸ್ ದಾಖಲೆ ತಪಾಸಣೆ ಮಾಡಿಸುತ್ತಾರೆ, ವಾಲಂಟಿಯರ್‌ಗಳಿಗೆ ಸರ್ಕಾರಿ ಫೀಸಿಲ್ಲ, ಕೆಲವು ವಾರ ಹಿಡಿಯಬಹುದು. ವೀಸಾದಲ್ಲಿ ಅವಕಾಶ ಇದೆಯಾ ನೋಡಿಕೊಳ್ಳಿ. ಅಷ್ಟೇ. ಬೇಡ ಅನ್ನುವವರು ಕಡಿಮೆ. ಅಲ್ಲಿ ಜೈಲಿನಲ್ಲಿ ಲೈಬ್ರರಿ ಇರಲೇಬೇಕು ಅಂತ ಕಾನೂನಿದೆ, ಸ್ಕೂಲಿನಲ್ಲಿ ಇರಬೇಕು ಅಂತ ಇಲ್ಲ! ಹಾಗಾಗಿ ಎಷ್ಟೋ ಕಡೆ ಹರಿದ ಪುಸ್ತಕಕ್ಕೆ ಟೇಪ್ ಹಚ್ಚುವುದರಿಂದ ಹಿಡಿದು ಮಕ್ಕಳು ಓದುವುದನ್ನು ಕೇಳುವವರೆಗೆ ಅಪ್ಪ ಅಮ್ಮಂದಿರೇ ಕೈ ಹಾಕುತ್ತಾರೆ.

ಮೊದಲ ದಿನ ಆರು ವರ್ಷದ ಹುಡುಗನೊಬ್ಬನನ್ನು ನನ್ನ ಪಕ್ಕ ಕೂರಿಸಿದರು. ಅವನು ಓದಬೇಕು, ನಾನು ಕೇಳಬೇಕು. ನಾನೆಲ್ಲಿ ಕೇಳಿದೆ? ತಪ್ಪು, ಇನ್ನೊಂದ್ಸಲ, ಸರಿಯಾಗಿ ನೋಡು. ಕೈಯಲ್ಲಿ ಬೆತ್ತ ಒಂದಿರಲಿಲ್ಲ. ನಾಲ್ಕನೇ ಪುಟಕ್ಕೆ ಹುಡುಗ ಪುಸ್ತಕ ಮುಚ್ಚಿ ಟಾಯ್ಲೆಟ್‌ಗೆ ಹೋಗಬೇಕು ಅಂದ. ವಾಪಸ್ ಬರಲಿಲ್ಲ. ಮುಂದಿನ ವಾರವೂ ಅವನಿಗೆ ಸರಿಯಾಗಿ ಅದೇ ಹೊತ್ತಿಗೆ ಟಾಯ್ಲೆಟ್ ಬಂತು. ಲೈಬ್ರರಿ ನೋಡಿಕೊಳ್ಳುವ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಮಗು ತಡವರಿಸಿದರೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆಮೇಲೂ ಬರದಿದ್ದರೆ ಮೊದಲ ಸದ್ದು ಮಾತ್ರ ಹೇಳಿ. ಅರ್ಥ ಕೆಡದ ತಪ್ಪಾದರೆ ಬಿಟ್ಟುಬಿಡಿ. ಐದು ಎಣಿಸುವುದು ಎಷ್ಟು ಕಷ್ಟ ಅಂತ ಕೂತು ನೋಡಿ. ನನ್ನ ನಾಲಿಗೆ ಎರಡಕ್ಕೇ ಎದ್ದು ನಿಲ್ಲುತ್ತಿತ್ತು.

ಆಮೇಲೆ ಸದ್ದಿನ ವಿಷಯ. "ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು" ಅಂತ ರಾಗವಾಗಿ ಕಲಿತವರು ನಾವು. ಅದೂ ಐದನೇ ಕ್ಲಾಸಿನಲ್ಲಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಲ್ಲಿ ಮಕ್ಕಳು ಅಕ್ಷರದ ಸದ್ದು ಜೋಡಿಸಿ ಓದುತ್ತಾರೆ, ಫೋನಿಕ್ಸ್ ಅಂತ. ಓ, ಇದು ನಮ್ಮ ಕನ್ನಡದ ಹಾಗೇ ಅಲ್ವಾ ಅಂದುಕೊಂಡು "ಕ, ಆ, ಟ" ಅಂತ ಹೇಳಿಕೊಟ್ಟೆ. ಮಗು ಜೋಡಿಸಿ "ಕಾಟ" ಅಂತು. ಕನ್ನಡದ ಮಟ್ಟಿಗೆ ಅದು ಸರಿಯಾಗಿಯೇ ಇತ್ತು! ನಮ್ಮ ಪ್ರತಿ ವ್ಯಂಜನದ ಬಾಲಕ್ಕೂ ಒಂದು ಅಕಾರ ಅಂಟಿಕೊಂಡಿರುತ್ತೆ. ಅದನ್ನು ಕತ್ತರಿಸಿ ಕ್, ಟ್ ಅಂತ ಅರ್ಧಾಕ್ಷರದ ಹಾಗೆ ಹೇಳಬೇಕು. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿ.

ಮಾನ ಹೋದ ಇನ್ನೊಂದು ಕಥೆ. ಅಲ್ಲಿ ಇಯರ್ ಒನ್, ಅಂದರೆ ಐದಾರು ವರ್ಷದ ಮಕ್ಕಳಿಗೆ ಜೂನಿನಲ್ಲಿ 40 ಪದ ಓದಿಸುವ ಫೋನಿಕ್ಸ್ ಪರೀಕ್ಷೆ ಇರುತ್ತೆ. ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ, ಬೇಕೆಂದೇ ಹುಟ್ಟಿಸಿದ ಪದಗಳು. ಮಗು ನಿಜವಾಗಿ ಸದ್ದು ಜೋಡಿಸುತ್ತಿದೆಯಾ, ಕಂಡ ಪದವನ್ನು ನೆನಪಿನಿಂದ ಹೇಳುತ್ತಿದೆಯಾ ಅಂತ ತಿಳಿಯಲು. ನನಗೆ ಇದು ಗೊತ್ತಿರಲಿಲ್ಲ. ಅಭ್ಯಾಸದ ಹಾಳೆ ಸಿಕ್ಕಿತು, ಪೆನ್ಸಿಲ್ ಹಿಡಿದು ಪ್ರಿಂಟಿಂಗ್ ಮಿಸ್ಟೇಕ್ ಎಲ್ಲಾ ತಿದ್ದಿ ಟೀಚರಿಗೆ ಕೊಟ್ಟೆ. ಅವರು ಥ್ಯಾಂಕ್ಯೂ ಅಂದರು. ಅಲ್ಲಿನವರ ಥ್ಯಾಂಕ್ಯೂಗೆ ಎಷ್ಟು ಅರ್ಥ ಇದೆ ಅಂತ ನಿಧಾನಕ್ಕೆ ಗೊತ್ತಾಗುತ್ತೆ.

ಸಂಕ್ರಾಂತಿಗೆ ಎಳ್ಳು ಬೆಲ್ಲ ತೆಗೆದುಕೊಂಡು ಹೋದವಳೂ ನಾನೇ. ಪುಟ್ಟ ಪುಟ್ಟ ಪೊಟ್ಟಣ ಮಾಡಿ, ಮೂವತ್ತು. ರಿಸೆಪ್ಷನ್ನಿನಲ್ಲಿದ್ದಾಕೆ ಏನಿದೆ ಅಂತ ಕೇಳಿ, ಕಡಲೆಕಾಯಿ ಅಂದ ಕೂಡಲೇ ಚೀಲವನ್ನು ಹಾವು ಕಂಡ ಹಾಗೆ ನೋಡಿದಳು. ಅಲ್ಲಿ ಆಹಾರದ ಲೇಬಲ್ ಮೇಲೆ ಎದ್ದು ಕಾಣುವಂತೆ ಹಾಕಲೇಬೇಕಾದ 14 ಅಲರ್ಜಿ ಪದಾರ್ಥಗಳಿವೆ. ಕಡಲೆಕಾಯಿ ಅದರಲ್ಲಿದೆ. ಎಳ್ಳೂ ಇದೆ. ಬೆಲ್ಲ ಒಂದು ಬಚಾವ್. ಒಂದು ಮಗು ತಿಂದು ಉಸಿರು ಕಟ್ಟಿದ್ದರೆ? ಈಗಲೂ ನೆನೆದರೆ ಕೈಕಾಲು ತಣ್ಣಗಾಗುತ್ತೆ. ತಿನ್ನುವುದು ಏನನ್ನೂ ಒಯ್ಯಬೇಡಿ. ಕೆನ್ನೆ ಹಿಂಡುವುದು, ತೊಡೆ ಮೇಲೆ ಕೂರಿಸಿಕೊಳ್ಳುವುದು, ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವುದು, ಒಂದೂ ಬೇಡ. ಫೋಟೋ ವಿಷಯಕ್ಕೆ ನನ್ನನ್ನು ಆಫೀಸಿಗೆ ಕರೆಸಿದ್ದರು, ಜಾಸ್ತಿ ಹೇಳುವುದಿಲ್ಲ.

ಬಣ್ಣದ ವಿಷಯ ಮಾತ್ರ ಹೇಳಲೇಬೇಕು. ಓದುವ ಪುಸ್ತಕಗಳಿಗೆ ಬಣ್ಣದ ಪಟ್ಟಿ ಇರುತ್ತೆ: ಗುಲಾಬಿ, ಕೆಂಪು, ಹಳದಿ, ನೀಲಿ, ಹಸಿರು, ಹೀಗೆ ಸುಲಭದಿಂದ ಕಷ್ಟಕ್ಕೆ, ಮೇಲಕ್ಕೆ. ನಮ್ಮವರ ಕೈಗೆ ಇದು ಸಿಕ್ಕರೆ ಮುಗಿಯಿತು, ಎಸ್ಸೆಸ್ಸೆಲ್ಸಿ ರಿಸಲ್ಟೇ. ಬೇರೆ ಇಂಡಿಯನ್ ಮಕ್ಕಳು ಯಾವ ಬಣ್ಣ ಅಂತ ಲೈಬ್ರರಿಯಲ್ಲಿ ಕದ್ದು ನೋಡಿದ್ದೇನೆ. ನನ್ನ ಮಗಳನ್ನು ಹಸಿರಿಗೆ ಹಾಕಿ ಅಂತ ಕೇಳಿದ್ದೇನೆ. ಹಾಕಿದರು. ಎರಡು ತಿಂಗಳು ಅವಳು ಪುಸ್ತಕ ಮುಟ್ಟಲಿಲ್ಲ.

ನಾಲ್ಕನೇ ವರ್ಷ ಆ ಮೇಡಂ, ನಿಮ್ಮ ಭಾಷೆಯ ಪುಸ್ತಕ ಒಂದು ತಂದು ಓದಿ ಅಂದರು. ಯಾವ ಭಾಷೆ? ನಮ್ಮ ಕಡೆ ಗೊತ್ತಲ್ಲ, ಅವ್ವ, ಅಂದರೆ ಅಜ್ಜಿ, ಕಥೆ ಹೇಳಿದ್ದು ತೆಲುಗಿನಲ್ಲಿ, ಓದಿ ಬರೆದದ್ದು ಕನ್ನಡದಲ್ಲಿ. ಅಡ್ಮಿಷನ್ ಫಾರಂನಲ್ಲಿ ಮನೆ ಭಾಷೆ ಅಂತ ಇದ್ದದ್ದು ಒಂದೇ ಗೆರೆ. ಕನ್ನಡ ಅಂತ ಬರೆದಿದ್ದೆ. ಪ್ರಥಮ್ ಬುಕ್ಸ್‌ನವರ ತೆಳ್ಳನೆಯ ಚಿತ್ರಪುಸ್ತಕ ಒಂದನ್ನು ಓದಿದೆ. (ಅವು ಹಗುರ, ಸೂಟ್‌ಕೇಸಿನಲ್ಲಿ ಹತ್ತಾದರೂ ಹಿಡಿಯುತ್ತವೆ. ಅವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆಯೂ ಓದಬಹುದು.) ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮಗಳು ನೆಲ ನೋಡುತ್ತಾ ಕೂತಿದ್ದಳು. ಸಂಜೆ ಕೇಳಿದಳು, "ಅಮ್ಮ, ಮನೇಲಿ ಯಾಕೆ ನೀನು ಹಿಂಗೆ ಓದಲ್ಲ?"

ಮನೆಯಲ್ಲಿ ನಾನು ಅವಳಿಗೆ ಕಾಗುಣಿತ ಬರೆಸುತ್ತಿದ್ದೆ. ಭಾನುವಾರ ಬೆಳಗ್ಗೆ, ಒಂದು ಗಂಟೆ. ಪಕ್ಕದ ಮನೆಯವರ ಮಕ್ಕಳಿಗೆ ಐದು ಎಣಿಸಿ ಕಾಯುವವಳು ನನ್ನ ಮಗಳಿಗೆ ಒಂದೂ ಎಣಿಸುತ್ತಿರಲಿಲ್ಲ. ಪುಸ್ತಕ ತೆಗೆದರೆ ಅವಳಿಗೂ ಟಾಯ್ಲೆಟ್ ಬರುತ್ತಿತ್ತು. ಈಗ ಹತ್ತು ವರ್ಷ. ಕನ್ನಡ ಕೇಳಿದರೆ ತಿಳಿಯುತ್ತೆ, ಓದುವುದಕ್ಕೆ ಬರುವುದಿಲ್ಲ.

ಅಲ್ಲಿ ಸ್ಕೂಲ್ ರಜೆ ಶುರುವಾಗುವುದೇ ಜುಲೈ ಕೊನೆಗೆ. ಹಾಗಾಗಿ ನಮ್ಮೂರಿನ ಮಾವಿನ ಸುಗ್ಗಿಯನ್ನೂ ಅವಳು ಕಂಡಿಲ್ಲ. ಈ ಸಲ ಕೊನೆಯ ನೀಲಂ ನಾಲ್ಕು ಸಿಕ್ಕಿದವು. ನಿನ್ನೆ ಮಧ್ಯಾಹ್ನ ಜಗಲಿಯ ಮೇಲೆ ಅಮ್ಮ ಹಣ್ಣು ಹೆಚ್ಚುತ್ತಾ ಕೂತಿದ್ದರು, ಮಗಳು ಪಕ್ಕದಲ್ಲಿ ತನ್ನ ಇಂಗ್ಲಿಷ್ ಕಥೆ ಪುಸ್ತಕ ಜೋರಾಗಿ ಓದುತ್ತಿದ್ದಳು. ಅಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಅವಳು ಉಸಿರು ತೆಗೆದುಕೊಂಡಾಗೆಲ್ಲ "ಹೂಂ" ಅನ್ನುತ್ತಿದ್ದರು, ಅವ್ವನ ಕಥೆಗೆ ನಾವು ಹೂಂಗುಟ್ಟುತ್ತಿದ್ದ ಹಾಗೆ. "ಹೂಂ, ಆಮೇಲೆ?" ಹನ್ನೊಂದು ಪುಟ ನಿಲ್ಲಿಸದೆ ಓದಿದಳು. ಒಂದು ಪದ ತಪ್ಪು ಓದಿದಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಒಂದು, ಎರಡು, ಮೂರು.