ಕತ್ತಲಾದ ಮೇಲೆ ಓಣಿ: ರಾತ್ರಿ ಕಲಾಹಬ್ಬ ಮಾಡಬೇಕೆನ್ನುವವರಿಗೆ

ಇಳಕಲ್ಲಿನ ನಮ್ಮ ನೇಕಾರ ಓಣಿಯಲ್ಲಿ ನಾಲ್ಕು ವರ್ಷದಿಂದ ವರ್ಷಕ್ಕೊಂದು ರಾತ್ರಿ ಕಲಾಹಬ್ಬ ಮಾಡುತ್ತಿದ್ದೇವೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವವಳು. ಮುಧೋಳ, ಗುಳೇದಗುಡ್ಡ, ಬೈಲಹೊಂಗಲದ ಕಡೆಯಿಂದ ಹುಡುಗರು ಫೋನ್ ಮಾಡಿ, "ನಮ್ಮೂರಾಗೂ ಮಾಡಬೇಕಂತೀವ್ರಿ ಟೀಚರ್, ಎಲ್ಲಿಂದ ಸುರು ಮಾಡೂಣು?" ಎನ್ನುತ್ತಾರೆ. ಮರುಮಾತಿಗೇ ಪ್ರೊಜೆಕ್ಟರ್ ಬಾಡಿಗೆ ಎಷ್ಟು ಎಂದು ಕೇಳುತ್ತಾರೆ. ಅದು ಕಡೆಯ ಮಾತು. ಮೊದಲು ನಿಮ್ಮ ಓಣಿಯಲ್ಲಿ ಯಾರ ಕೈಯಲ್ಲಿ ಏನಿದೆ ನೋಡಿ.

ಪ್ಯಾರಿಸ್ಸಿನಲ್ಲಿ 2002ರಿಂದ ಇಡೀ ರಾತ್ರಿ ಊರೆಲ್ಲ ತೆರೆದಿಟ್ಟು ಹೊಸ ಕಲೆ ತೋರಿಸುವ ಹಬ್ಬ ನಡೆಯುತ್ತಿದೆ. ಆದರೆ ರಾತ್ರಿಯಿಡೀ ಎದ್ದು ಕೂಡುವುದನ್ನು ನಮ್ಮ ಸೀಮೆಗೆ ಯಾರೂ ಕಲಿಸಬೇಕಿಲ್ಲ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ಎಲ್ಲವೂ ಊಟ ಮುಗಿದ ಮೇಲೆ ಸುರುವಾಗಿ ಕೋಳಿ ಕೂಗುವತನಕ ನಡೆದವು. ಕಂಬಳಿ ಹೊದ್ದು, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದವರು ನಮ್ಮ ಅವ್ವಂದಿರು. "ಸಮಕಾಲೀನ ಕಲೆ ಅಂದ್ರ ಏನ್ರಿ?" ಎಂದು ಓಣಿಯ ಹಿರಿಯರು ಕೇಳಿದರೆ ನಾನು ಹೇಳುವುದು ಇಷ್ಟೆ: ಇವತ್ತು ಬದುಕಿರುವ ಮನುಷ್ಯ, ಇವತ್ತಿನ ತನ್ನ ಬದುಕಿನ ಬಗ್ಗೆ, ತನಗೆ ಗೊತ್ತಿರುವ ಕೈಗೆಲಸದಲ್ಲಿ ಹೇಳುವ ಹೊಸ ಮಾತು.

ಮೂರು ತಿಂಗಳು ಮೊದಲೇ ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ. "ನೀವು ಕಲಾವಿದರಾ?" ಎಂದು ಕೇಳಬೇಡಿ, ಎಲ್ಲರೂ "ಏ ಇಲ್ರಿ" ಎಂದು ಒಳಗೆ ಹೋಗುತ್ತಾರೆ. ನಾನು ಕೇಳುವುದು, "ಕತ್ತಲಾಗ ಕೂಡ್ಸಿದ್ರೂ ಮಾಡ್ತೀನಿ ಅನ್ನೂ ಕೆಲಸ ಯಾವ್ದು ನಿಮಗ?" ಹಿಂದಿನ ಸಾಲಿನ ಅಜ್ಜಿಯೊಬ್ಬರು ಥಟ್ಟನೆ, "ಕರೆಂಟ್ ಹೋದ್ರೂ ಕೊಂಡಿ ಹಾಕ್ತೀನವ್ವ, ಬೆರಳಿಗೆ ಕಣ್ಣದಾವು" ಎಂದರು. ನಮ್ಮ ಮೊದಲ ವರ್ಷದ ಹಬ್ಬ ಹುಟ್ಟಿದ್ದು ಆ ಮಾತಿನಿಂದ.

ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯ ಕುಣಿಕೆಯಲ್ಲಿ ಇನ್ನೊಂದರ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸುವುದೇ ಕೊಂಡಿ. ಇಳಕಲ್ಲ ಸೀರೆಯ ಗುರುತಾದ ತೋಪುತೆನೆ ಸೆರಗು ನಿಲ್ಲುವುದು ಅದರ ಮೇಲೆ, ಆದರೆ ಸೀರೆ ಉಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ನಾವು ಅಜ್ಜಿಯ ಬಾಗಿಲಿಗೆ ಒಂದು ಬಿಳಿ ಧೋತರ ಬಿಗಿಯಾಗಿ ಕಟ್ಟಿ, ಅವರ ಹಿಂದೆ ಕೆಳಗೆ ಒಂದೇ ಒಂದು ದೀಪ ಇಟ್ಟೆವು. ಹೊರಗೆ ನಿಂತ ಜನಕ್ಕೆ ಆಳೆತ್ತರದ ಬೆರಳುಗಳು ಕಂಡವು. ಎಳೆ ಹಿಡಿಯುವುದು, ಹೊಸೆಯುವುದು, ಬಿಡುವುದು. ಎಳೆ ಹಿಡಿಯುವುದು, ಹೊಸೆಯುವುದು, ಬಿಡುವುದು. ಅರ್ಧ ತಾಸು ಯಾರೂ ಮಾತಾಡಲಿಲ್ಲ. ನಲವತ್ತು ವರ್ಷ ಅವರ ಜೊತೆ ಬಾಳಿದ ಅಜ್ಜ ಧೋತರದ ಮುಂದೆ ನಿಂತು, "ಇಷ್ಟು ಕೆಲಸ ಮಾಡ್ತಾಳೇನು ಇಕಿ?" ಎಂದರು.

ಇಂಥದ್ದು ಮಾಡುವುದಿದ್ದರೆ ದೀಪದ ವಿಷಯ ತಿಳಿದಿರಲಿ. ಟ್ಯೂಬ್‌ಲೈಟಿನಿಂದ ನೆರಳು ಮಸುಕಾಗುತ್ತದೆ, ಒಂದೇ ಚುಕ್ಕಿಯಿಂದ ಬರುವ ಸಣ್ಣ ಎಲ್‌ಇಡಿ ಬೆಳಕು ಗೆರೆ ಕೊರೆದಂತೆ ನೆರಳು ಕೊಡುತ್ತದೆ. ಕೈ ದೀಪಕ್ಕೆ ಹತ್ತಿರವಾದಷ್ಟೂ ನೆರಳು ದೊಡ್ಡದು. ಮೊದಲ ದಿನದ ತಾಲೀಮಿಗೆ ನಾನು ಶಾಮಿಯಾನದವರ ಹ್ಯಾಲೋಜನ್ ತಂದಿಟ್ಟಿದ್ದೆ. ಅದರ ಕಾವಿಗೆ ಹಾಸು ಒಣಗಿ ಎಳೆಗಳು ಪಟಪಟ ಕಡಿದವು. ಅಜ್ಜಿ ಬೈಯಲಿಲ್ಲ, ಕೂತು ಒಂದೊಂದೇ ಎಳೆ ಗಂಟು ಹಾಕಿದರು. ಆ ದಿನದ ಕೂಲಿಯನ್ನು ನಾವು ತುಂಬಿಕೊಟ್ಟೆವು. ಅಂದಿನಿಂದ ಮಗ್ಗದ ಹತ್ತಿರ ಕಾವು ಬಿಡುವ ದೀಪ ಒಯ್ಯುವುದಿಲ್ಲ.

ದಿನ ಗೊತ್ತು ಮಾಡುವಾಗ ಪಂಚಾಂಗ ನೋಡಿ. ಹುಣ್ಣಿಮೆಯ ಆಸುಪಾಸು ಬೆಳದಿಂಗಳಿಗೆ ಗೋಡೆಯ ಚಿತ್ರ ತೊಳೆದು ಹೋಗುತ್ತದೆ. ಅಮಾವಾಸ್ಯೆಗೆ ಹಿರಿಯರು ಒಪ್ಪುವುದಿಲ್ಲ. ಬಹುಳ ದಶಮಿಯ ಸುಮಾರಿಗೆ ಚಂದ್ರ ನಡುರಾತ್ರಿ ದಾಟಿದ ಮೇಲೇ ಬರುವುದರಿಂದ ಬೇಕಾದಷ್ಟು ಕತ್ತಲು ಸಿಗುತ್ತದೆ. ಬನದ ಹುಣ್ಣಿಮೆಯ ನಂತರ ಮಾತ್ರ ಬೇಡ. ಬಾದಾಮಿ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಟೆಂಟು ಹೊಡೆದರೆ ಪೇಟಿ (ಹಾರ್ಮೋನಿಯಂ) ಮಾಸ್ತರರಿಂದ ಹಿಡಿದು ಲೈಟಿನ ಹುಡುಗರವರೆಗೆ ಯಾರೂ ಕೈಗೆ ಸಿಗುವುದಿಲ್ಲ. ದೀಪಾವಳಿ ಮುಗಿದು ಚಳಿ ಹಿಡಿಯುವ ಕಾಲ ನಮಗೆ ಒಗ್ಗಿದೆ.

ಅನುಮತಿ ಪತ್ರಗಳನ್ನು ಒಂದು ತಿಂಗಳು ಮುಂಚೆ ಕೊಡಿ. ನಗರಸಭೆಗೆ ಬರೆಯುವಾಗ "ಬೀದಿದೀಪ ಆರಿಸಿ" ಎಂದಷ್ಟೇ ಬರೆಯಬೇಡಿ. ಯಾವ ಕಂಬ, ಎಷ್ಟರಿಂದ ಎಷ್ಟರವರೆಗೆ ಎಂದು ನಕ್ಷೆ ಬರೆದು ಕೊಡಿ. ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಕಂಬಕ್ಕೆ ಕೊಕ್ಕೆ ಹಾಕುವ ಮಾತೇ ಬೇಡ. 10 ವ್ಯಾಟಿನ ಇಪ್ಪತ್ತು ಎಲ್‌ಇಡಿಗೆ 200 ವ್ಯಾಟ್, ಎರಡು ಪ್ರೊಜೆಕ್ಟರಿಗೆ 600 ವ್ಯಾಟ್; ಒಂದು ಓಣಿಗೆ ಇಷ್ಟು ಸಾಕು. ವೈರು ತಲೆಗಿಂತ ಮೇಲೆ ಹೋಗಲಿ. ಬಾದಾಮಿ, ವಿಜಯಪುರದವರಿಗೆ ಹಳೆಯ ಸ್ಮಾರಕಗಳ ಗೋಡೆ ಕಂಡರೆ ಆಸೆಯಾಗುವುದು ಸಹಜ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕೇ ಬೇಕು. ಅಂಗಡಿಯ ಶಟರ್ ಆರಿಸಿಕೊಳ್ಳಿ.

ಶಟರ್ ಎಂದೆ, ಅದನ್ನು ಬಿಡಿಸಿ ಹೇಳಬೇಕು. ಹಗಲೆಲ್ಲ ಮೇಲೆ ಸುತ್ತಿಕೊಂಡಿದ್ದು ರಾತ್ರಿ ಮಾತ್ರ ಕೆಳಗಿಳಿಯುವ ಗೋಡೆ ಅದು. ನಮ್ಮಲ್ಲಿ ಬೋರ್ಡ್ ಬರೆಯುವ ಕಾಕಾ ಒಬ್ಬರಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ಅವರ ಬ್ರಷ್ ಡಬ್ಬಿ ಮುಚ್ಚಿತ್ತು. ಅವರಿಗೆ ಐದು ಶಟರ್ ಕೊಟ್ಟು, "ನಿಮ್ಮ ಮನಸಿಗೆ ಬಂದದ್ದು ಬರೀರಿ" ಎಂದೆವು. ಮೂರು ದಿನ ಸುಮ್ಮನೆ ನೋಡಿದರು. ಆಮೇಲೆ ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡು ತುದಿ ಬಿಗಿಹಿಡಿಸಿ ನಡುವೆ ಚಿಮ್ಮಿದರು, ನೇರ ಗೆರೆ ಬಿತ್ತು. ಆ ಗೆರೆಯ ಮೇಲೆ, ತಾವು ಒಂದು ಕಾಲಕ್ಕೆ ಬೋರ್ಡು ಬರೆದು ಈಗ ಮುಚ್ಚಿಹೋದ ಅಂಗಡಿಗಳ ಹೆಸರನ್ನು ನೆನಪಿನಿಂದ ಬರೆಯುತ್ತ ಹೋದರು. ಪ್ರತಿ ಹೆಸರಿಗೂ ಅದೇ ಹಳೆಯ ಅಕ್ಷರದ ಬಾಗು, ಅದೇ ಬಣ್ಣ. ಜನ ಬ್ಯಾಟರಿ ಹಿಡಿದು ಓದುತ್ತ, "ಇಲ್ಲೇ ಅಪ್ಪ ನನಗ ಪಾಟಿ ಕೊಡಿಸಿದ್ದ" ಎನ್ನುತ್ತ ಹೋದರು. ಈ ಕೆಲಸಕ್ಕೆ ನಾನು ಇಟ್ಟ ಬೆಳಕು ಒಂದೂ ಇಲ್ಲ, ಬಂದವರ ಕೈಯ ಬ್ಯಾಟರಿಯೇ ಸಾಕಾಯಿತು.

ಸದ್ದಿನ ವಿಷಯದಲ್ಲಿ ನಿಯಮ ಖಚಿತವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ, ವಾದ್ಯ ಎರಡೂ ಇಲ್ಲ. ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬಲ್. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಿರಬಹುದು. ನಾವು ಇದಕ್ಕೆ ತಕ್ಕಂತೆ ಹಬ್ಬವನ್ನೇ ಎರಡು ಭಾಗ ಮಾಡಿದ್ದೇವೆ. ಏಳರಿಂದ ಹತ್ತರವರೆಗೆ ಕಿವಿಯ ಕೆಲಸ, ಹತ್ತರ ನಂತರ ಕಣ್ಣಿನ ಕೆಲಸ. ಪಾರಿಜಾತದಲ್ಲಿ ದೂತಿಯ ಪಾತ್ರ ಮಾಡುತ್ತಿದ್ದ ಹಿರಿಯರೊಬ್ಬರು ಕಟ್ಟೆಯಿಂದ ಕಟ್ಟೆಗೆ ನಡೆಯುತ್ತ, ದುಡಿಯಲು ಗೋವೆಗೆ ಹೋದ ಮಗನಿಗೆ ಸುದ್ದಿ ಒಯ್ಯುವ ದೂತಿಯಾಗಿ ತಾವೇ ಕಟ್ಟಿದ ಮಾತು, ಹಾಡು ಹೇಳಿದರು. ಹತ್ತಕ್ಕೆ ಪೇಟಿ, ತಬಲಾ ನಿಂತವು. ಆಮೇಲೆ ಕಲ್ಲಿನ ಕಾರ್ಖಾನೆಯ ಹುಡುಗರು ಪಾಲಿಶ್ ಮಾಡಿದ ಕೆಂಪು ಗ್ರಾನೈಟಿನ ಒಡಕು ಹಲಗೆಗಳನ್ನು ನೆಲಕ್ಕೆ ಹಾಸಿ ನೀರು ಚಿಮುಕಿಸಿದರು. ಪಕ್ಕದಿಂದ ಬೆಳಕು ಬಿದ್ದಾಗ ಓಣಿಯ ನಡುವೆ ಒಂದು ಕೆಂಪು ಹೊಳೆ ಹರಿದಂತಿತ್ತು.

ದುಡ್ಡಿನ ಮಾತನ್ನು ಮೊದಲ ದಿನವೇ ಆಡಿ. ಬೆಂಗಳೂರಿನಿಂದ ಬರುವ ಕಲಾವಿದರಿಗೂ ಓಣಿಯ ಕಲಾವಿದರಿಗೂ ಒಂದೇ ಸಂಭಾವನೆ ಇರಲಿ. ಅರ್ಧ ಮೊದಲು, ಅರ್ಧ ಆ ರಾತ್ರಿಯೇ. ನಮ್ಮವರನ್ನು ಶಾಲು ಹೊದಿಸಿ, ಹಾರ ಹಾಕಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ; ಮಗ್ಗ ಬಿಟ್ಟು ಬಂದ ದಿನಕ್ಕೆ ಅವರ ಮನೆಗೆ ಕೂಲಿಯೂ ಇಲ್ಲ. ಮೊದಲ ವರ್ಷ ನಮಗೆ ಕೂಡಿದ್ದು 62 ಸಾವಿರ, ಅದರಲ್ಲಿ 40 ಸಾವಿರ ಕಲಾವಿದರಿಗೇ ಹೋಯಿತು. ವೇದಿಕೆ ಹಾಕಲಿಲ್ಲ, ಉದ್ಘಾಟನೆ ಇಟ್ಟುಕೊಳ್ಳಲಿಲ್ಲ.

ಹೆಣ್ಣುಮಕ್ಕಳು ಬರಬೇಕೆಂದರೆ ಕತ್ತಲು ಕಲೆಯ ಜಾಗದಲ್ಲಿ ಮಾತ್ರ ಇರಲಿ, ಮನೆಗೆ ಹೋಗುವ ಸಂದಿಗಳಲ್ಲಿ ಬೇಡ. ಪ್ರತಿ ಸಂದಿಗೊಂದು ದೀಪ, ಇಬ್ಬರು ಸ್ವಯಂಸೇವಕಿಯರು. ಬಚ್ಚಲುಮನೆ ತೆರೆದಿಡಲು ಒಪ್ಪಿದ ಮೂರು ಮನೆಗಳ ಬಾಗಿಲಿಗೆ ರಂಗೋಲಿಯ ಗುರುತು ಹಾಕುತ್ತೇವೆ. ಗಿರಮಿಟ್ಟು, ಮಿರ್ಚಿ, ಚಹಾದ ಅಂಗಡಿ ಓಣಿಯವರದೇ ಇರಲಿ. ಗಟಾರಗಳಿಗೆ ಹಗಲಿದ್ದಾಗಲೇ ಹಲಗೆ ಮುಚ್ಚಿ.

ಬೆಳಗಿನ ಐದಕ್ಕೆ ವೈರು ಸುತ್ತಲು ಸುರು ಮಾಡಿ. ಬೀದಿದೀಪ ಮತ್ತೆ ಹತ್ತಿದ್ದನ್ನು ಒಂದೊಂದೇ ಕಂಬ ನೋಡಿ ಗುರುತು ಹಾಕಿಕೊಳ್ಳಿ. ಗೂಟ ಬಡಿದ ತಗ್ಗು ಮುಚ್ಚಿ. ಧೋತರವನ್ನು ಒಗೆದು ಮಡಚಿ ಅಜ್ಜಿಗೆ ವಾಪಸು ಕೊಡಿ, ಅದು ಅಜ್ಜಂದು.