ಗುಂಡು ಬೇಕಿದ್ದಲ್ಲಿ ಚೌಕ ಬಂತು: ಐರನ್ ಆಕ್ಸೈಡ್ ನ್ಯಾನೋಕಣ ಸರಿಹೋದದ್ದು ಹೀಗೆ

ಮಡಿಕೇರಿಯ ಜುಲೈ ಮಳೆ ಗೊತ್ತಲ್ವಾ, ಲ್ಯಾಬಿನ ಗೋಡೆಯೂ ಬೆವರುತ್ತದೆ. ನನ್ನ ತೊಂದರೆ ಶುರುವಾದದ್ದೇ ಅಲ್ಲಿಂದ.

ನನಗೆ ಬೇಕಿದ್ದದ್ದು ಗುಂಡನೆಯ ಮ್ಯಾಗ್ನೆಟೈಟ್ (ಕಬ್ಬಿಣದ ಒಂದು ಆಕ್ಸೈಡ್) ನ್ಯಾನೋಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಐರನ್ ಓಲಿಯೇಟ್ ಮತ್ತು ಓಲಿಕ್ ಆಸಿಡನ್ನು (ಒಂದು ಕೊಬ್ಬಿನಾಮ್ಲ) ಆಕ್ಟಾಡೆಸೀನ್ ಎಂಬ ದ್ರಾವಕದಲ್ಲಿ ಬೆರೆಸಿ, ನೈಟ್ರೋಜನ್ ಹಾಯಿಸುತ್ತಾ, ನಿಮಿಷಕ್ಕೆ ಸುಮಾರು 3 ಡಿಗ್ರಿಯಂತೆ 320 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಅರ್ಧ ಗಂಟೆ ಇಟ್ಟೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ನೋಡಿದರೆ ಅರ್ಧ ಗುಂಡು, ಅರ್ಧ ಚೌಕ! ಎರಡು ಬ್ಯಾಚ್ ಹೀಗೇ ಹೋದವು. ಉಷ್ಣತೆಯ ಮೇಲೆ ಅನುಮಾನಪಟ್ಟು ಸುಮ್ನೆ ಒಂದು ವಾರ ಕಳೆದೆ.

ತಪ್ಪು ಅದಕ್ಕೂ ಮೊದಲೇ ಆಗಿತ್ತು. ಐರನ್ ಓಲಿಯೇಟ್ ಮಾಡಲು ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡಿಗೆ ಸೋಡಿಯಂ ಓಲಿಯೇಟ್ (ಓಲಿಕ್ ಆಸಿಡಿನ ಸೋಡಿಯಂ ಲವಣ) ಸೇರಿಸುತ್ತೇವೆ. ಫೆರಿಕ್ ಕ್ಲೋರೈಡ್ ಈ ಹವೆಯಲ್ಲಿ ನೀರು ಹೀರಿ ಜಿನುಗುತ್ತದೆ, ಅಂದರೆ ತೂಗಿದಷ್ಟು ಕಬ್ಬಿಣ ಅದರಲ್ಲಿ ಇರುವುದಿಲ್ಲ, ಸೋಡಿಯಂ ಓಲಿಯೇಟ್ ಮಿಕ್ಕುತ್ತದೆ, ಮಿಕ್ಕಿದ್ದು ಬೆಳೆಯುವ ಕಣದ ಕೆಲವು ಮುಖಗಳಿಗೆ ಮಾತ್ರ ಅಂಟಿ ಅಲ್ಲಿನ ಬೆಳವಣಿಗೆಯನ್ನು ತಡೆಯುತ್ತದೆ. ಚೌಕ ಬರುವುದು ಹಾಗೆ.

ಹೊಸ ಬಾಟಲಿ ತೆರೆದು ಬೇಗ ತೂಗಿದೆ. ಮಿಕ್ಕ ಸೋಡಿಯಂ ಓಲಿಯೇಟ್ ಹೋಗಲೆಂದು, ಐರನ್ ಓಲಿಯೇಟ್ ಕರಗಿರುವ ಹೆಕ್ಸೇನ್ ಎಂಬ ದ್ರಾವಕದ ಪದರವನ್ನು ಒಂದರ ಬದಲು 3 ಸಲ ಬೆಚ್ಚಗಿನ ನೀರಿನಲ್ಲಿ ತೊಳೆದೆ. ಆಮೇಲೆ ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿ ಒಣಗಿಸಿದೆ. ಮೂರನೇ ಬ್ಯಾಚ್ ಹೆಚ್ಚುಕಡಿಮೆ ಪೂರ್ತಿ ಗುಂಡು. ನೋಡಿ ಎಷ್ಟು ಖುಷಿಯಾಯಿತು ಗೊತ್ತಾ!

ಚೌಕವೇ ಬೇಕಿದ್ದರೆ ಓಲಿಕ್ ಆಸಿಡ್ ಬದಲು ಬೇಕೆಂದೇ ಸೋಡಿಯಂ ಓಲಿಯೇಟ್ ಹಾಕಿ. ಮಳೆಗಾಲದಲ್ಲಿ ಡೆಸಿಕೇಟರಿನಲ್ಲಿ (ರಾಸಾಯನಿಕಗಳನ್ನು ಒಣಗಿಡುವ ಮುಚ್ಚಿದ ಪಾತ್ರೆ) ತೇವ ಹೀರುವ ಸಿಲಿಕಾ ಜೆಲ್‌ನ ಬಣ್ಣ ದಿನಾ ನೋಡಿ, ಬದಲಾದರೆ ಅವತ್ತೇ ಒಣಗಿಸಿ.