ಹೊಟ್ಟೆಯೊಳಗೆ ರಕ್ತ ಸೋರ್ತಿದೆ, ಎಲ್ಲಿಂದ ಅಂತ ಗೊತ್ತಿಲ್ಲ: ಯಾವ ಟೆಸ್ಟ್ ಮೊದಲು?

ಮೂಡಿಗೆರೆ ಹತ್ತಿರದ ನಮ್ಮ ಚಿಕ್ಕಪ್ಪನಿಗೆ ಹಿಮೋಗ್ಲೋಬಿನ್ 6.2ಕ್ಕೆ ಇಳಿದಿತ್ತು. ಮಲ ಡಾಂಬರಿನ ಹಾಗೆ ಕಪ್ಪು, ಅಂಟಂಟು. ಚಿಕ್ಕಮಗಳೂರಿನಲ್ಲಿ ಬಾಯಿಂದ ಎಂಡೋಸ್ಕೋಪಿ ಆಯ್ತು, ಕೆಳಗಿನಿಂದ ಕೊಲೊನೋಸ್ಕೋಪಿ ಆಯ್ತು, ಎರಡೂ ನಾರ್ಮಲ್. ಆಮೇಲೆ ಒಬ್ಬರು ಕ್ಯಾಪ್ಸೂಲ್ (ಮಾತ್ರೆ ಹಾಗೆ ನುಂಗುವ ಸಣ್ಣ ಕ್ಯಾಮೆರಾ) ಅಂದರು, ಇನ್ನೊಬ್ಬರು ಸಿಟಿ ಸ್ಕ್ಯಾನ್ ಅಂದರು. ನಮಗೆ ತಲೆಬುಡ ಗೊತ್ತಾಗಲಿಲ್ಲ.

ದುಡ್ಡು ಖರ್ಚು ಮಾಡುವ ಮುಂಚೆ ಸಣ್ಣ ವಿಷಯ ನೋಡಿಕೊಳ್ಳಿ. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ಕೆಟ್ಟ ನಾತ ಇರುವುದಿಲ್ಲ. ಮಂಡಿನೋವಿಗೆ ಮೆಡಿಕಲ್‌ನಿಂದ ತಂದು ನುಂಗುವ ಡೈಕ್ಲೋಫೆನಾಕ್, ಹಾರ್ಟಿಗೆ ಕೊಟ್ಟ ಆಸ್ಪಿರಿನ್, ಎಲ್ಲಾ ಡಾಕ್ಟರಿಗೆ ಹೇಳಿ (ಆಸ್ಪಿರಿನ್ ನೀವಾಗಿಯೇ ನಿಲ್ಲಿಸಬೇಡಿ). ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಕೊಕ್ಕೆಹುಳಕ್ಕೆ ಮಲ ಪರೀಕ್ಷೆ ಮಾಡಿಸಿ. ಸದ್ದಿಲ್ಲದೆ ರಕ್ತ ಹೀರುವ ಹುಳ ಅದು. ಕೊಲೊನೋಸ್ಕೋಪಿ ದಿನ ಹೊಟ್ಟೆ ಸರಿಯಾಗಿ ಖಾಲಿಯಾಗಿತ್ತಾ ಅಂತಲೂ ಕೇಳಿ, ಯಾಕೆಂದರೆ ಎರಡನೇ ಸಲ ನೋಡಿದಾಗ ಸಿಕ್ಕಿಬೀಳುವ ಗಾಯಗಳು ಕಡಿಮೆಯೇನಲ್ಲ.

ಅಲ್ಲೂ ಇಲ್ಲ ಅಂದರೆ ಉಳಿಯುವುದು ಸಣ್ಣ ಕರುಳು. ಐದಾರು ಮೀಟರ್ ಉದ್ದ, ಮೇಲಿನ ಟ್ಯೂಬೂ ಕೆಳಗಿನ ಟ್ಯೂಬೂ ಪೂರ್ತಿ ಮುಟ್ಟದ ಜಾಗ. ಇಲ್ಲಿ ಕ್ಯಾಪ್ಸೂಲ್ ಒಳ್ಳೆಯದಾ, ಸಿಟಿ ಒಳ್ಳೆಯದಾ ಅಂತ ಕೇಳಿದರೆ ಉತ್ತರ ಸಿಗಲ್ಲ, ಎರಡೂ ನೋಡುವುದು ಬೇರೆ ಬೇರೆ. ಕ್ಯಾಪ್ಸೂಲ್ ಒಳಗೋಡೆಯನ್ನು ನೋಡುತ್ತದೆ. ವಯಸ್ಸಾದವರಲ್ಲಿ ಸಾಮಾನ್ಯವಾದ ಚಿಕ್ಕ ಕೆಂಪು ರಕ್ತನಾಳದ ಗಂಟುಗಳು ಅದಕ್ಕೇ ಚೆನ್ನಾಗಿ ಕಾಣುವುದು. ರಕ್ತ ಹೋದ ಎರಡು ಮೂರು ದಿನದೊಳಗೆ ಮಾಡಿಸಿದರೆ ಸಿಗುವ ಚಾನ್ಸ್ ಜಾಸ್ತಿ. ಸಿಟಿ ಎಂಟೆರೋಗ್ರಫಿಯಲ್ಲಿ (ಸಣ್ಣ ಕರುಳು ನೋಡಲೆಂದೇ ಮಾಡುವ ಸಿಟಿ) ಅವು ತಪ್ಪಿಹೋಗಬಹುದು, ಆದರೆ ಗೆಡ್ಡೆ, ದಪ್ಪಗಾದ ಗೋಡೆ, ಕಿರಿದಾದ ಕರುಳು ಗೊತ್ತಾಗುತ್ತದೆ. ಹಾಗಾಗಿ ಹಿಂದೆ ಕರುಳಿನ ಟಿಬಿ ಆಗಿದ್ದರೆ, ಹೊಟ್ಟೆ ಆಪರೇಷನ್ ಆಗಿದ್ದರೆ, ಊಟವಾದ ಮೇಲೆ ಹೊಟ್ಟೆ ಉಬ್ಬಿ ನೋಯುತ್ತಿದ್ದರೆ ಸಿಟಿ ಮೊದಲು. ಸಿಟಿ ಮಾಡಿಸದೆ ನುಂಗಿದರೆ ಕ್ಯಾಪ್ಸೂಲ್ ಕಿರಿದಾದ ಕಡೆ ಸಿಕ್ಕಿಕೊಂಡು ಅದನ್ನು ತೆಗೆಯಲು ಇನ್ನೊಂದು ಆಪರೇಷನ್ ಆಗಬಹುದು.

ಸಿಟಿ ಆಂಜಿಯೋ ಬೇರೆ, ಅದು ರಕ್ತನಾಳಕ್ಕೆ ಡೈ (ಬಣ್ಣದ ಔಷಧಿ) ಹಾಕಿ ರಕ್ತ ಎಲ್ಲಿ ಸೋರ್ತಿದೆ ಅಂತ ನೋಡುವ ಸ್ಕ್ಯಾನ್. ನಿಮಿಷಕ್ಕೆ ಸುಮಾರು 0.3 ಮಿಲಿಲೀಟರ್ ಆದರೂ ರಕ್ತ ಆ ಹೊತ್ತಿನಲ್ಲೇ ಸೋರುತ್ತಿರಬೇಕು. ನಿಂತ ಮೇಲೆ ಮಾಡಿಸಿದರೆ ಸುಮ್ನೆ ದಂಡ. ಡೈ ಹಾಕುವ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತಪರೀಕ್ಷೆ) ನೋಡಿಸಿ. ಚಿಕ್ಕ ವಯಸ್ಸಿನವರಾದರೆ ಮೆಕೆಲ್ ಸ್ಕ್ಯಾನ್ (ಹುಟ್ಟಿನಿಂದಲೇ ಸಣ್ಣ ಕರುಳಿಗೆ ಅಂಟಿಕೊಂಡಿರುವ ಚೀಲ ಹುಡುಕುವುದು) ಬೇಕಾ ಅಂತ ಕೇಳಿ.

ಬಲೂನ್ ಎಂಟೆರೋಸ್ಕೋಪಿ (ಬಲೂನಿನ ಸಹಾಯದಿಂದ ಸಣ್ಣ ಕರುಳಿನ ಒಳಗೆ ಆಳಕ್ಕೆ ಹೋಗುವ ಉದ್ದ ಟ್ಯೂಬ್) ಕೊನೆಗೆ. ಅರಿವಳಿಕೆ ಬೇಕು, ಹೊತ್ತು ಹಿಡಿಯುತ್ತದೆ, ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕಾಗಬಹುದು. ಆದರೆ ರಕ್ತ ಸೋರುವ ಜಾಗವನ್ನು ಅಲ್ಲೇ ಸುಡಬಹುದು, ಪರೀಕ್ಷೆಗೆ ತುಣುಕು ತೆಗೆಯಬಹುದು. ಬಾಯಿಂದ ಹೋಗಬೇಕಾ ಕೆಳಗಿನಿಂದಲಾ ಅನ್ನುವುದನ್ನು ಕ್ಯಾಪ್ಸೂಲ್ ಮೊದಲೇ ಹೇಳಿದರೆ ಅರ್ಧ ಕೆಲಸ ಮುಗೀತು.

ತಲೆಸುತ್ತು, ಬೆವರು, ರಕ್ತವಾಂತಿ ಇದ್ದರೆ ಇದ್ಯಾವುದೂ ಬೇಡ. ಹತ್ತಿರದ ಆಸ್ಪತ್ರೆಗೆ ಹೋಗಿ, ರಕ್ತ ಹಾಕಿಸಿ, ಆಮೇಲೆ ಘಾಟಿ ಇಳಿಯುವ ಮಾತು.

ಚಿಕ್ಕಪ್ಪ ಕ್ಯಾಪ್ಸೂಲ್ ನುಂಗಿ, ಸೊಂಟಕ್ಕೆ ಬೆಲ್ಟು, ಹೆಗಲಿಗೆ ರೆಕಾರ್ಡರ್ ಹಾಕಿಕೊಂಡು ಇಡೀ ದಿನ ಮಿನುಗುವ ಲೈಟನ್ನೇ ನೋಡುತ್ತಾ ಕೂತಿದ್ದರು. ಸಂಜೆ ಕೇಳಿದರು, "ಕ್ಯಾಮೆರಾ ತೊಳೆದು ವಾಪಸ್ ಕೊಡಬೇಕೇನೋ?" ಬೇಡ, ರೆಕಾರ್ಡರ್ ಕೊಟ್ಟರೆ ಸಾಕು. ಆದರೆ ಕ್ಯಾಪ್ಸೂಲ್ ಹೊರಗೆ ಬಂದದ್ದು ಖಾತ್ರಿಯಾಗುವವರೆಗೆ ಎಂಆರ್‌ಐ ಮಾಡಿಸಬಾರದು.